ಕಂಪ್ಯೂಟರ್ ಕೈಲಿರೋ ವಿಮಾನದ ಬಾಲ ನೆಲಕ್ಕೆ ಉಜ್ಜೋದು ಯಾಕೆ?

ಕಿಟಕಿ_ಸೀಟು:
ಎಲ್ಲರಿಗೂ ನಮಸ್ಕಾರ. ನಾನು ಪೈಲಟ್ ಅಲ್ಲ, ಎಂಜಿನಿಯರೂ ಅಲ್ಲ, ವಿಮಾನದ ಹುಚ್ಚು ಅಷ್ಟೇ. ನಿನ್ನೆ ರಾತ್ರಿ ಒಂದು ವಿಡಿಯೋ ನೋಡಿದೆ. ಏರ್‌ಬಸ್ ಕಂಪನಿಯ ಉದ್ದನೆಯ ಎ321 ಇಳೀತಿದೆ. ಚಕ್ರ ತಾಗಿ ಒಮ್ಮೆ ಪುಟಿಯಿತು, ಮೂಗು ಮೇಲೆದ್ದಿತು, ಎರಡನೇ ಸಲ ಕೂರುವಾಗ ಬಾಲದ ಅಡಿಯಿಂದ ಹೊಗೆ. ಟೇಲ್ ಸ್ಟ್ರೈಕ್ ಅಂತಾರಲ್ಲ, ಅದು.

ನನ್ನ ಗೊಂದಲ ಇಷ್ಟೇ. ಇದು ಫ್ಲೈ-ಬೈ-ವೈರ್ ವಿಮಾನ. ಪೈಲಟ್ ಸ್ಟಿಕ್ ಎಳೆದರೆ ಅದು ನೇರವಾಗಿ ರೆಕ್ಕೆಗೆ ಹೋಗಲ್ಲ, ಕಂಪ್ಯೂಟರ್ ಕೇಳಿಸಿಕೊಂಡು ಆಮೇಲೆ ಮಾಡುತ್ತೆ. ಎಷ್ಟೇ ಎಳೆದರೂ ಸ್ಟಾಲ್ ಆಗೋಕೆ (ರೆಕ್ಕೆ ಲಿಫ್ಟ್, ಅಂದ್ರೆ ಎತ್ತುವ ಬಲ ಕಳ್ಕೊಳ್ಳೋಕೆ) ಬಿಡಲ್ಲ ಅಂತ ಎಲ್ಲ ಕಡೆ ಓದಿದ್ದೀನಿ. ಸ್ಟಾಲ್ ತಡೆಯೋ ಕಂಪ್ಯೂಟರಿಗೆ ಬಾಲ ನೆಲಕ್ಕೆ ತಾಗೋದನ್ನ ತಡೆಯೋಕೆ ಏನು ಕಷ್ಟ?

ಸುಮ್ನೆ_ಓದುಗ:
ಕಂಪ್ಯೂಟರ್ ಮುಂದೆ ನೋಡ್ತಿರುತ್ತೆ ಗುರು, ಹಿಂದೆ ಕಣ್ಣಿಲ್ಲ 😄

ಬಲಗಡೆ_ಸೀಟು:
ತಮಾಷೆಗೆ ಹೇಳಿದ್ರೂ ಅರ್ಧ ನಿಜ ಹೇಳಿದ್ದೀರಿ. ನಾನು ಎ320, ಎ321 ಎರಡನ್ನೂ ಹಾರಿಸೋ ಫಸ್ಟ್ ಆಫೀಸರ್, ಅಂದ್ರೆ ಕೋ-ಪೈಲಟ್. ಹೆಚ್ಚಿನವರು ಎಡವೋದು ಒಂದೇ ಕಡೆ: ‘ಪ್ರೊಟೆಕ್ಷನ್’ ಅನ್ನೋದು ಒಂದೇ ದೊಡ್ಡ ಕೊಡೆ, ಅದರಡಿ ಎಲ್ಲವೂ ಬರುತ್ತೆ ಅಂದ್ಕೊಳ್ತಾರೆ. ಹಾಗಿಲ್ಲ.

ನೀವು ಓದಿರೋ ಸ್ಟಾಲ್ ರಕ್ಷಣೆ ನೋಡೋದು ರೆಕ್ಕೆಗೆ ಗಾಳಿ ಬಡಿಯೋ ಕೋನವನ್ನ. ಜೊತೆಗೆ ಮೂಗು ಎಷ್ಟು ಏರಬಹುದು ಅನ್ನೋದಕ್ಕೂ ಮಿತಿ ಇದೆ, ಆದ್ರೆ ಅದು ಮೇಲಕ್ಕೆ 30 ಡಿಗ್ರಿ. ಈಗ ಎ321ರ ಬಾಲದ ಲೆಕ್ಕ ಕೇಳಿ. ಚಕ್ರದ ಸ್ಟ್ರಟ್ (ಪೆಟ್ಟು ನುಂಗೋ ಕಾಲು) ಪೂರ್ತಿ ಚಾಚಿಕೊಂಡಿದ್ದಾಗ 11.2 ಡಿಗ್ರಿಗೆ ಬಾಲ ತಾಗುತ್ತೆ. ಭಾರ ಕೂತು ಸ್ಟ್ರಟ್ ಅದುಮಿದ್ದಾಗ 9.7ಕ್ಕೇ ತಾಗುತ್ತೆ. 30 ಎಲ್ಲಿ, 9.7 ಎಲ್ಲಿ? ಕಂಪ್ಯೂಟರ್ ದೃಷ್ಟಿಯಲ್ಲಿ ವಿಮಾನ ಆರಾಮಾಗಿ ಹಾರ್ತಿದೆ. ರೆಕ್ಕೆಗೆ ಏನೂ ತೊಂದರೆ ಇಲ್ಲ. ಬಾಲ ಮಾತ್ರ ಡಾಂಬರಿನಲ್ಲಿ.

ಎ320ಕ್ಕೆ ಇದೇ ಸಂಖ್ಯೆಗಳು 13.5 ಮತ್ತು 11.7. ಕಾಕ್‌ಪಿಟ್ ಒಂದೇ, ಸ್ಟಿಕ್ ಒಂದೇ, ಲೈಸೆನ್ಸ್ ಒಂದೇ. ಹಿಂದೆ 7 ಮೀಟರ್ ಹೆಚ್ಚು ಕೊಳವೆ ಇದೆ ಅಷ್ಟೇ. ಬೆಳಿಗ್ಗೆ ಎ320, ಮಧ್ಯಾಹ್ನ ಎ321 ಹಾರಿಸೋರಿಗೆ ಆ 2 ಡಿಗ್ರಿ ವ್ಯತ್ಯಾಸವೇ ಎಲ್ಲ ತಲೆನೋವು.

ಕಿಟಕಿ_ಸೀಟು:
ಓಹ್. ಹಾಗಾದ್ರೆ ನೆಲದ ಹತ್ತಿರ ಕಂಪ್ಯೂಟರ್ ಏನೂ ಮಾಡೋದೇ ಇಲ್ವಾ?

ಕಂಟ್ರೋಲ್_ಲಾ:
ಮಾಡುತ್ತದೆ, ಆದರೆ ಆಕಾಶದಲ್ಲಿ ಮಾಡುವ ಕೆಲಸವನ್ನಲ್ಲ. ನಾನು ಇರುವುದು ಈ ಸಾಫ್ಟ್‌ವೇರ್ ಕಡೆಯಲ್ಲಿ (ಯಾವ ಕಂಪನಿ ಎಂದು ಕೇಳಬೇಡಿ). ಎ320ಯನ್ನೇ ತೆಗೆದುಕೊಳ್ಳೋಣ, ಏಕೆಂದರೆ 1988ರಲ್ಲಿ ಸೇವೆಗೆ ಬಂದ ಅದೇ ಪೂರ್ತಿ ಡಿಜಿಟಲ್ ಫ್ಲೈ-ಬೈ-ವೈರ್‌ನ ಮೊದಲ ಪ್ರಯಾಣಿಕ ವಿಮಾನ. ಮುಂದಿನವರು ಅದರಿಂದ ಕಲಿತರು.

ಆಕಾಶದಲ್ಲಿ ಸ್ಟಿಕ್ ಎಳೆದರೆ ಅದು ಎಲಿವೇಟರಿಗೆ (ಮೂಗನ್ನು ಏರಿಸಿ ಇಳಿಸುವ, ಬಾಲದ ಅಡ್ಡ ರೆಕ್ಕೆಯ ಅಲ್ಲಾಡುವ ಹಿಂದಿನ ಭಾಗ) ‘ಇಷ್ಟು ಡಿಗ್ರಿ ಏಳು’ ಎನ್ನುವ ಆಜ್ಞೆ ಅಲ್ಲ. ‘ಇಷ್ಟು ಜಿ ಬೇಕು’ ಎನ್ನುವ ಕೋರಿಕೆ (ಜಿ ಎಂದರೆ ವಿಮಾನಕ್ಕೆ ಸಿಗುವ ಎತ್ತುಬಲ ಅದರ ತೂಕದ ಎಷ್ಟು ಪಟ್ಟು ಎಂಬ ಅಳತೆ). ಅದನ್ನು ಹೇಗೆ ಪೂರೈಸುವುದು ಎಂಬುದು ಕಂಪ್ಯೂಟರಿನ ಪಾಡು. ನೆಲದ ಮೇಲೆ ಈ ಲೆಕ್ಕ ನಡೆಯುವುದಿಲ್ಲ. ಚಕ್ರ ನೆಲಕ್ಕೆ ಅಂಟಿಕೊಂಡಿರುವಾಗ ಜಿ ಹೇಗೆ ಬಂದೀತು? ಬರಲಿಲ್ಲವೆಂದು ಕಂಪ್ಯೂಟರ್ ಇನ್ನಷ್ಟು, ಮತ್ತಷ್ಟು ಎಲಿವೇಟರ್ ಕೊಡುತ್ತಾ ಹೋದರೆ ಮುಗಿಯಿತು ಕಥೆ. ಅದಕ್ಕೇ ನೆಲದ ಮೇಲೆ ‘ಗ್ರೌಂಡ್ ಮೋಡ್’: ಸ್ಟಿಕ್ ಎಷ್ಟೋ ಎಲಿವೇಟರ್ ಅಷ್ಟು, ಹಳೆಯ ವಿಮಾನದಂತೆಯೇ. ನೀವು ಕೇಳಿದ ಪ್ರಶ್ನೆಯ ತಿರುಳು ಇಲ್ಲಿದೆ. ಬಾಲಕ್ಕೆ ಅಪಾಯ ಅತಿ ಹೆಚ್ಚಿರುವ ಆ ಕೆಲವು ಸೆಕೆಂಡುಗಳಲ್ಲಿ ಎ320ಯ ಕಂಪ್ಯೂಟರ್ ಬಹುಪಾಲು ಪೈಲಟ್ ಹೇಳಿದ್ದನ್ನೇ ಮಾಡುತ್ತದೆ.

ಬಹುಪಾಲು ಎಂದೆ, ಪೂರ್ತಿ ಅಲ್ಲ. ಟೇಕಾಫ್ ಓಟದಲ್ಲಿ 70 ನಾಟ್ (ಗಂಟೆಗೆ ಸುಮಾರು 130 ಕಿ.ಮೀ.) ದಾಟಿದ ಮೇಲೆ ಎಲಿವೇಟರ್ ಮೇಲಕ್ಕೆ ಹೋಗಬಹುದಾದ ಗರಿಷ್ಠ ಕೋನ 30ರಿಂದ 20 ಡಿಗ್ರಿಗೆ ಇಳಿಯುತ್ತದೆ. ಪೈಲಟ್ ಗಾಬರಿಯಾಗಿ ಸ್ಟಿಕ್ಕನ್ನು ಹೊಟ್ಟೆಗೆ ಎಳೆದುಕೊಂಡರೂ ಮೂರನೇ ಒಂದು ಭಾಗ ಸಿಗುವುದೇ ಇಲ್ಲ. ಇದರ ಬಗ್ಗೆ ಯಾರೂ ಲೇಖನ ಬರೆಯುವುದಿಲ್ಲ, ಆದರೆ ನನ್ನ ಪ್ರಕಾರ ಫ್ಲೈ-ಬೈ-ವೈರ್‌ನ ನಿಜವಾದ ಉಪಕಾರ ಇಂಥ ಸದ್ದಿಲ್ಲದ ಕೆಲಸಗಳಲ್ಲೇ ಇರುವುದು.

ಹಳೇ_ಯೋಕ್:
ನಾನು ನಿವೃತ್ತ. ಯೋಕ್ (ಪೈಲಟ್ ಮುಂದೆ ಕಂಬದ ಮೇಲಿನ ಹಿಡಿಚಕ್ರ) ಇದ್ದ ವಿಮಾನಗಳಲ್ಲೇ ಆಯುಸ್ಸು ಕಳೆದವನು, ಕೊನೆಗೆ ಕೆಲವು ವರ್ಷ ಪಕ್ಕದ ಪುಟ್ಟ ಹಿಡಿ, ಅಂದರೆ ಸೈಡ್‌ಸ್ಟಿಕ್. ಒಂದು ಮಾತು ಸೇರಿಸುತ್ತೇನೆ. ಮೂಗು ಎತ್ತುವುದು ಏತ ಇದ್ದಂತೆ. ಒಂದು ತುದಿ ಏಳಬೇಕಾದರೆ ಇನ್ನೊಂದು ಇಳಿಯಲೇಬೇಕು. ಅಚ್ಚು ಮುಖ್ಯ ಚಕ್ರದಲ್ಲಿದೆ. ಕಲಿಸಿದ ಹುಡುಗರಿಗೆಲ್ಲ ಇದನ್ನೇ ಹೇಳಿದೆ: ನೀನು ಮೂಗು ಎತ್ತುತ್ತಿಲ್ಲ, ಬಾಲ ಇಳಿಸುತ್ತಿದ್ದೀಯ.

ಲೆಕ್ಕ ಬೇಕಾದರೆ ನೋಡಿ. ಸೆಕೆಂಡಿಗೆ 3 ಡಿಗ್ರಿ ನಮ್ಮ ರೂಢಿ. ಚಕ್ರದಿಂದ 20 ಮೀಟರ್ ಹಿಂದಿರುವ ಜಾಗ ಆಗ ಸೆಕೆಂಡಿಗೆ ಸುಮಾರು 1 ಮೀಟರ್ ಕೆಳಗಿಳಿಯುತ್ತದೆ. 6 ಡಿಗ್ರಿ ಮಾಡಿದರೆ 2 ಮೀಟರ್. ಕೂತ ಜಾಗದಲ್ಲಿ ನಿಮಗೆ ಏನೂ ಗೊತ್ತಾಗುವುದಿಲ್ಲ, ನೀವಿರುವುದು ಏತದ ಇನ್ನೊಂದು ತುದಿಯಲ್ಲಿ. ಎಷ್ಟೋ ಸಲ ‘ಏನೋ ಸದ್ದಾಯ್ತು ಕ್ಯಾಪ್ಟನ್’ ಅಂತ ಹಿಂದಿನ ಗ್ಯಾಲಿಯಿಂದ ಫೋನ್ ಬಂದ ಮೇಲೇ ತಿಳಿಯುವುದು.

ಕಿಟಕಿ_ಸೀಟು:
ಏತದ ಹೋಲಿಕೆ ಚೆನ್ನಾಗಿದೆ ಸರ್. ಆದ್ರೆ ಚಕ್ರ ನೆಲ ಬಿಟ್ಟ ಮೇಲೆ ಅಪಾಯ ಮುಗೀತು ಅಲ್ವಾ?

ಹಳೇ_ಯೋಕ್:
ಇಲ್ಲ ಮಗಾ. ಬಿಟ್ಟ ಆ ಕ್ಷಣವೇ ಅತಿ ಇಕ್ಕಟ್ಟು. ಅಲ್ಲಿಯವರೆಗೆ ಚಕ್ರದ ಮೇಲೆ ತಿರುಗುತ್ತಿದ್ದ ವಿಮಾನ ಈಗ ತನ್ನ ಭಾರಕೇಂದ್ರದ ಮೇಲೆ ತಿರುಗಲು ಶುರು ಮಾಡುತ್ತದೆ. ಇನ್ನೂ ಎತ್ತರ ಸಿಕ್ಕಿರುವುದಿಲ್ಲ, ಮೂಗು ಮಾತ್ರ ಏರುತ್ತಲೇ ಇರುತ್ತದೆ. ಬಾಲಕ್ಕೂ ನೆಲಕ್ಕೂ ಅಂತರ ಕನಿಷ್ಠ ಆಗುವುದು ಅಲ್ಲೇ.

ಸ್ಪ್ಯಾನರ್:
ನೀವೆಲ್ಲ ಡಿಗ್ರಿ ಲೆಕ್ಕ ಹಾಕ್ತಿದ್ದೀರಿ. ಅದನ್ನ ರಿಪೇರಿ ಮಾಡೋರು ನಾವು. ಇಪ್ಪತ್ತು ವರ್ಷದಿಂದ ಹ್ಯಾಂಗರಲ್ಲಿ ಇದ್ದೀನಿ, ಬಾಲ ಉಜ್ಜಿದ ವಿಮಾನ ಮೂರು ನೋಡಿದ್ದೀನಿ. ಹೊರಗಿಂದ ಬಣ್ಣ ಕೆರೆದ ಹಾಗೆ ಕಾಣುತ್ತೆ. ಒಳಗೆ ಹೋದ್ರೆ ಫ್ರೇಮ್ ಸೊಟ್ಟಗಾಗಿರುತ್ತೆ.

ಈ ವಿಷಯ ಯಾಕೆ ಇಷ್ಟು ದೊಡ್ಡದು ಅಂತ ಹೊಸಬರಿಗೆ ಗೊತ್ತಿರಲಿ. 1978ರ ಜೂನ್‌ನಲ್ಲಿ ಒಸಾಕಾದ ಇಟಾಮಿಯಲ್ಲಿ ಜಪಾನ್ ಏರ್‌ಲೈನ್ಸ್‌ನ ಒಂದು 747 ಬಾಲ ಉಜ್ಜಿಕೊಂಡು ಇಳೀತು. ಒಳಗಿನ ಗಾಳಿ ಒತ್ತಡ ತಡೆಯೋ ಹಿಂದಿನ ಗೋಡೆ, ಅಂದ್ರೆ ಪ್ರೆಷರ್ ಬಲ್ಕ್‌ಹೆಡ್ ರಿಪೇರಿ ಆಯ್ತು. ಒಂದೇ ತುಂಡು ಇರಬೇಕಿದ್ದ ಜೋಡಣೆ ಪಟ್ಟಿಯನ್ನ ಎರಡು ತುಂಡು ಮಾಡಿ ಹಾಕಿದ್ರು, ಎರಡು ಸಾಲು ರಿವೆಟ್ ಹೊರಬೇಕಾದ ಭಾರ ಒಂದು ಸಾಲಿನ ಮೇಲೆ ಬಿತ್ತು. 7 ವರ್ಷ ಹಾರಿತು. 1985ರ ಆಗಸ್ಟ್ 12ಕ್ಕೆ ಬಲ್ಕ್‌ಹೆಡ್ ಒಡೀತು, ಲಂಬ ಬಾಲ ಕಿತ್ತುಹೋಯ್ತು, ಹೈಡ್ರಾಲಿಕ್ (ನಿಯಂತ್ರಣಗಳನ್ನ ಅಲ್ಲಾಡಿಸೋ ಎಣ್ಣೆ ಒತ್ತಡ) ಎಲ್ಲ ಹೋಯ್ತು. 520 ಜನ ಸತ್ತರು, 4 ಜನ ಉಳಿದರು.

ಇನ್ನೊಂದು ಚೈನಾ ಏರ್‌ಲೈನ್ಸ್ 747. 1980ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಬಾಲ ತಾಗಿತ್ತು. ಗೀರಿದ ಭಾಗ ಪೂರ್ತಿ ತೆಗೆಯದೆ ಮೇಲೆ ಡಬ್ಲರ್ ತಗಡು ಹೊಡೆದ್ರು. ಗೀರು ಒಳಗೇ ಬಿರುಕಾಗಿ ಬೆಳೀತಾ ಹೋಯ್ತು, ತಗಡು ಮುಚ್ಚಿತ್ತು, ಯಾರಿಗೂ ಕಾಣ್ಲಿಲ್ಲ. 22 ವರ್ಷ ಆದ್ಮೇಲೆ, 2002ರ ಮೇ 25ಕ್ಕೆ, ತೈವಾನ್ ಜಲಸಂಧಿ ಮೇಲೆ ಆಕಾಶದಲ್ಲೇ ಚೂರಾಯ್ತು. 225 ಜನ.

ಅದಕ್ಕೇ ಬಾಲ ತಾಗಿದೆ ಅನ್ನೋ ಅನುಮಾನ ಬಂದ್ರೂ ಪೈಲಟ್ ಮೇಲೆ ಹೋಗೋದು ನಿಲ್ಲಿಸಿ, ಕ್ಯಾಬಿನ್ ಒಳಗಿನ ಗಾಳಿ ಒತ್ತಡ ಏರಿಸದೆ ವಾಪಸ್ ಬರಬೇಕು. ತಾಗಿದ್ದು ನಿಜವಾ ಅನ್ನೋದನ್ನ ನಾವು ಆಮೇಲೆ ನೋಡ್ಕೋತೀವಿ.

ಸುಮ್ನೆ_ಓದುಗ:
ಇದು ಗೊತ್ತಿರ್ಲಿಲ್ಲ. ತಮಾಷೆ ಮಾಡಿದ್ದಕ್ಕೆ ಕ್ಷಮೆ ಇರಲಿ.

ಒಂದು ಅನುಮಾನ ಕೇಳ್ಲಾ? ಬಾಲ ಯಾವ ಡಿಗ್ರಿಗೆ ತಾಗುತ್ತೆ ಅಂತ ಮೊದಲೇ ಗೊತ್ತು. ‘ನೆಲದ ಹತ್ತಿರ ಇರೋ ತನಕ 9 ಡಿಗ್ರಿ ಮೇಲೆ ಹೋಗ್ಬೇಡ’ ಅಂತ ಒಂದು ಸಾಲು ಕೋಡ್ ಬರೆದ್ರೆ ಆಗಲ್ವಾ? ನಾನೂ ಕೋಡ್ ಬರೆಯೋನೇ, ಇಫ್-ಎಲ್ಸ್ ಅಷ್ಟೇ ತಾನೆ.

ಕಂಟ್ರೋಲ್_ಲಾ:
ಆ ‘ಒಂದು ಸಾಲು’ ನನ್ನ ವೃತ್ತಿ ಜೀವನದ ಒಳ್ಳೆಯ ಭಾಗವನ್ನು ತಿಂದಿದೆ 🙂 ಹೇಳುತ್ತೇನೆ.

ಮೊದಲನೆಯದಾಗಿ 9 ಎನ್ನುವುದು ಸ್ಥಿರ ಸಂಖ್ಯೆಯಲ್ಲ. ಸ್ಟ್ರಟ್ ಎಷ್ಟು ಅದುಮಿದೆ ಎಂಬುದರ ಮೇಲೆ ಬದಲಾಗುತ್ತದೆ. ಟೇಕಾಫ್‌ನಲ್ಲಿ ಅದು ಹಗುರಾಗುತ್ತಾ ಚಾಚಿಕೊಳ್ಳುತ್ತದೆ, ಇಳಿಯುವಾಗ ಗುದ್ದಿಗೆ ಕುಸಿಯುತ್ತದೆ.

ಎರಡನೆಯದು ಜಡತ್ವ. ಕೋನ 9 ಆದಾಗ ತಡೆದರೆ ತಡವಾಯಿತು. ಉದ್ದದ ವಿಮಾನ ತಿರುಗಲು ಶುರುಮಾಡಿದ ಮೇಲೆ ಎಲಿವೇಟರ್ ಹಿಂದೆ ಬಂದರೂ ಇನ್ನಷ್ಟು ತಿರುಗಿಯೇ ನಿಲ್ಲುತ್ತದೆ. ಆದ್ದರಿಂದ ನೋಡಬೇಕಾದದ್ದು ಈಗಿನ ಕೋನ ಮಾತ್ರವಲ್ಲ, ಬಾಲ ನೆಲದತ್ತ ಯಾವ ವೇಗದಲ್ಲಿ ಬರುತ್ತಿದೆ ಎಂಬುದನ್ನೂ.

ಇವೆರಡನ್ನೂ ಗಣಿತದಿಂದ ಗೆಲ್ಲಬಹುದು. ಮೂರನೆಯದೇ ನಿಜವಾದ ಕಗ್ಗಂಟು. ಸೆನ್ಸರ್ ಸುಳ್ಳು ಹೇಳಿದರೆ? ವಿಮಾನ ಸರಿಯಾದ ವೇಗದಲ್ಲಿದೆ, ರನ್‌ವೇ ಮುಗಿಯುತ್ತಿದೆ, ಪೈಲಟ್ ಎಳೆಯುತ್ತಿದ್ದಾನೆ, ಕಂಪ್ಯೂಟರ್ ಮಾತ್ರ ‘ಬಾಲ ತಾಗುತ್ತದೆ, ಬಿಡುವುದಿಲ್ಲ’ ಎಂದು ಹಠ ಹಿಡಿದರೆ? ಬಾಲ ಉಜ್ಜಿದರೆ ಹಣ ಹೋಗುತ್ತದೆ, ಸ್ಪ್ಯಾನರ್ ಅವರ ನಿದ್ದೆ ಹೋಗುತ್ತದೆ. ನೆಲ ಬಿಡದಿದ್ದರೆ ಎಲ್ಲರೂ ಹೋಗುತ್ತಾರೆ. ಹೀಗಾಗಿ ಬಾಲ ಕಾಯುವ ಯಾವ ವ್ಯವಸ್ಥೆಗೂ ಪೂರ್ತಿ ಅಧಿಕಾರ ಕೊಡುವ ಧೈರ್ಯ ವಿನ್ಯಾಸಕಾರರಿಗೆ ಇಲ್ಲ. ಇರಲೂ ಬಾರದು. ಸ್ಟಾಲ್ ರಕ್ಷಣೆಗೆ ‘ಎಷ್ಟೇ ಎಳೆದರೂ ಬಿಡಲ್ಲ’ ಎನ್ನುವ ಗಟ್ಟಿ ಬೇಲಿ ಒಪ್ಪುತ್ತದೆ, ಏಕೆಂದರೆ ಅದರಾಚೆ ಪೈಲಟ್‌ಗೆ ಬೇಕಾದದ್ದು ಏನೂ ಇಲ್ಲ. ಬಾಲದ ಬೇಲಿಯಾಚೆ ಕೆಲವೊಮ್ಮೆ ಪ್ರಾಣ ಇರುತ್ತದೆ.

ಸುಮ್ನೆ_ಓದುಗ:
ಸರಿ ಗುರುಗಳೇ, ಇಫ್-ಎಲ್ಸ್ ವಾಪಸ್ ತಗೊಂಡೆ.

ಕಿಟಕಿ_ಸೀಟು:
ಹಾಗಾದ್ರೆ ಬಾಲಕ್ಕಂತಲೇ ಮಾಡಿದ ರಕ್ಷಣೆ ಯಾವ ವಿಮಾನದಲ್ಲೂ ಇಲ್ವಾ?

ಕಂಟ್ರೋಲ್_ಲಾ:
ಇದೆ. ಹೆಸರುವಾಸಿ ಉದಾಹರಣೆ ಬೋಯಿಂಗ್ 777-300ಇಆರ್. ಸುಮಾರು 74 ಮೀಟರ್ ಉದ್ದದ ವಿಮಾನ. ಟೇಕಾಫ್‌ನಲ್ಲೂ ಲ್ಯಾಂಡಿಂಗ್‌ನಲ್ಲೂ ಅದರ ಕಂಪ್ಯೂಟರ್‌ಗಳು ಬಾಲ ತಾಗುವ ಹಂತಕ್ಕೆ ಬಂದಿದೆಯೇ ಎಂದು ಲೆಕ್ಕ ಹಾಕುತ್ತಲೇ ಇರುತ್ತವೆ. ಹೌದು ಎನಿಸಿದರೆ ಎಲಿವೇಟರನ್ನು ಸ್ವಲ್ಪ ಹಿಂದೆಗೆಯುತ್ತವೆ. ಗಮನಿಸಿ, ಸ್ವಲ್ಪ. ಪೈಲಟ್ ಕೈಯಲ್ಲಿರುವ ಕಂಬ ಮಾತ್ರ ಅಲ್ಲಾಡುವುದಿಲ್ಲ. ತನ್ನ ಎಳೆತದಲ್ಲಿ ಒಂದು ಪಾಲನ್ನು ಕಂಪ್ಯೂಟರ್ ಕತ್ತರಿಸಿಕೊಂಡದ್ದು ಅವರಿಗೆ ತಿಳಿಯುವುದೇ ಇಲ್ಲ.

ಅದೇ ವಿಮಾನದಲ್ಲಿ ಶುದ್ಧ ಯಂತ್ರದ ಉಪಾಯವೂ ಇದೆ. ಪ್ರತಿ ಬದಿಯ ಮುಖ್ಯ ಗೇರಿನಲ್ಲಿ ಆರು ಚಕ್ರ, ಮೂರು ಅಚ್ಚು. ಮೂಗು ಏಳುವಾಗ ಒಂದು ಹೈಡ್ರಾಲಿಕ್ ಸ್ಟ್ರಟ್ ಆ ಬಂಡಿಯನ್ನು ಬಿಗಿಹಿಡಿಯುತ್ತದೆ, ವಿಮಾನ ಮಧ್ಯದ ಬದಲು ಕೊನೆಯ ಅಚ್ಚಿನ ಮೇಲೆ ತಿರುಗುತ್ತದೆ. ಗೇರ್ ಉದ್ದವಾದಷ್ಟೇ ಪರಿಣಾಮ. ಬಾಲಕ್ಕೆ ಜಾಗ ಸಿಗುತ್ತದೆ. ಹಳೇ_ಯೋಕ್ ಸರ್ ಹೇಳಿದ ಏತದಲ್ಲಿ ಅಚ್ಚನ್ನೇ ಹಿಂದಕ್ಕೆ ಸರಿಸಿ ಎತ್ತರಿಸಿದಂತೆ.

ಇನ್ನು ಎ350ಯಂಥ ಹೊಸ ಪೀಳಿಗೆಯ ಏರ್‌ಬಸ್‌ನಲ್ಲಿ ಮೂಗು ಎತ್ತುವ ಹಂತಕ್ಕೇ ಬೇರೆ ನಿಯಮ ಇದೆ. ಅಲ್ಲಿ ಸ್ಟಿಕ್ ಕೇಳುವುದು ತಿರುಗುವ ವೇಗವನ್ನು. ಭಾರ ಹೆಚ್ಚಿರಲಿ ಕಡಿಮೆ ಇರಲಿ, ಅದೇ ಎಳೆತಕ್ಕೆ ಹೆಚ್ಚುಕಡಿಮೆ ಅದೇ ವೇಗ ಬರುತ್ತದೆ. ನನಗೆ ಇಷ್ಟವಾಗುವ ಹಾದಿ ಇದು. ಕೊನೇ ಕ್ಷಣದಲ್ಲಿ ಕೈ ಹಿಡಿಯುವುದಕ್ಕಿಂತ ಮೊದಲಿನಿಂದಲೂ ಹೆಜ್ಜೆ ಸಮ ಇಡಿಸುವುದು ಮೇಲು.

ಸ್ಪ್ಯಾನರ್:
ತಂತಿಯಲ್ಲೇ ಎಲ್ಲ ಆಗಬೇಕಂತಿಲ್ಲ ಅನ್ನೋದಕ್ಕೆ ಇನ್ನೊಂದು. 737ರಲ್ಲಿ ಎಲಿವೇಟರಿಗೆ ಫ್ಲೈ-ಬೈ-ವೈರ್ ಇಲ್ಲ, ಕೇಬಲ್ಲೇ. ಉದ್ದದ 737ಗಳ ಬಾಲದಡಿ ಒಂದು ಸ್ಕಿಡ್ ಇರುತ್ತೆ, ಒಳಗೆ ಜಜ್ಜಿಹೋಗೋ ಕಾರ್ಟ್ರಿಜ್. ತಾಗಿದ್ರೆ ಅದು ಜಜ್ಜಿ ಪೆಟ್ಟು ನುಂಗುತ್ತೆ, ನಾವು ಬದಲಾಯಿಸ್ತೀವಿ. 900ಇಆರ್‌ನಲ್ಲಿ ಅದೇ ಸ್ಕಿಡ್ ಇಳಿಯುವಾಗ ಇನ್ನಷ್ಟು ಕೆಳಗೆ ಚಾಚುತ್ತೆ. 777-300ಇಆರ್‌ನಲ್ಲೂ ಮೊದಲು ಸ್ಕಿಡ್ ಇತ್ತು, ಆಮೇಲೆ ಸಾಫ್ಟ್‌ವೇರನ್ನ ನಂಬಿ ತೆಗೆದೇ ಬಿಟ್ರು. ತೂಕ ಉಳೀತು ಅಂತ ಅವರಿಗೆ ಖುಷಿ. ನನಗೇನೋ ಲೋಹದ ಮೇಲೆ ಜಾಸ್ತಿ ವಿಶ್ವಾಸ, ಕೋಪ ಮಾಡ್ಕೋಬೇಡಿ ಕಂಟ್ರೋಲ್ ಸರ್.

ಕಂಟ್ರೋಲ್_ಲಾ:
ಕೋಪ ಇಲ್ಲ. ಪ್ರಮಾಣೀಕರಣದ ಪರೀಕ್ಷೆಯಲ್ಲಿ ನಾವೂ ಲೋಹವನ್ನೇ ನಂಬುತ್ತೇವೆ. ವಿಮಾನ ಅತಿ ಕಡಿಮೆ ಎಷ್ಟು ವೇಗದಲ್ಲಿ ನೆಲ ಬಿಡಬಲ್ಲದು ಎಂದು ಕಂಡುಕೊಳ್ಳಲು ಬಾಲವನ್ನು ಬೇಕೆಂದೇ ರನ್‌ವೇ ಮೇಲೆ ಎಳೆದುಕೊಂಡು ಹೋಗುತ್ತಾರೆ, ಅಡಿಗೆ ಗಟ್ಟಿ ಬಂಪರ್ ಕಟ್ಟಿ. ಕಿಡಿ ಹಾರುವ ಆ ವಿಡಿಯೋಗಳನ್ನು ನೋಡಿ ಅಪಘಾತ ಎಂದುಕೊಂಡವರಿಗೆ ಲೆಕ್ಕವಿಲ್ಲ.

ಹಳೇ_ಯೋಕ್:
ಈಗ ನನ್ನ ತಕರಾರು. ಕಂಬ ಅಲ್ಲಾಡುವುದಿಲ್ಲ, ಪೈಲಟ್‌ಗೆ ತಿಳಿಯುವುದಿಲ್ಲ ಅಂದಿರಿ. ಅದನ್ನೇ ನೀವು ಗುಣ ಅನ್ನುತ್ತೀರಿ, ನಾನು ದೋಷ ಅನ್ನುತ್ತೇನೆ. ದಿನಾ ಒರಟಾಗಿ ಎಳೆಯುವವನನ್ನು ಯಂತ್ರ ದಿನಾ ಸದ್ದಿಲ್ಲದೆ ಕಾಪಾಡಿದರೆ ಅವನು ಒರಟಾಗಿಯೇ ಉಳಿಯುತ್ತಾನೆ. ನಾಳೆ ಆ ಯಂತ್ರ ಇಲ್ಲದ ವಿಮಾನ ಹತ್ತುತ್ತಾನೆ.

ಬಲಗಡೆ_ಸೀಟು:
ಸರ್, ಅದಕ್ಕೆ ಉತ್ತರ ಇದೆ. ನಮ್ಮ ಪ್ರತಿ ಹಾರಾಟದ ರೆಕಾರ್ಡ್ ನೋಡ್ತಾರೆ. ಮೂಗು ಎತ್ತುವ ವೇಗ ಮಿತಿ ದಾಟಿದ್ರೆ ತಾಗದಿದ್ರೂ ಕರೆ ಬರುತ್ತೆ. ಯಂತ್ರ ಬಾಯಿ ಬಿಡದಿದ್ರೂ ರೆಕಾರ್ಡರ್ ಬಿಡುತ್ತೆ.

ಹಳೇ_ಯೋಕ್:
ಎರಡು ವಾರ ಕಳೆದು ಆಫೀಸಿನಿಂದ ಬರುವ ಕರೆ ಬೇರೆ, ಆ ಕ್ಷಣ ಅಂಗೈಗೆ ತಿಳಿಯುವುದು ಬೇರೆ. ಇರಲಿ. ವಯಸ್ಸಾದವನ ಮಾತು.

ಬಲಗಡೆ_ಸೀಟು:
ಇಲ್ಲ ಸರ್, ಅಂಗೈ ವಿಚಾರದಲ್ಲಿ ನೀವು ಹೇಳೋದು ಒಪ್ತೀನಿ. ಅದಕ್ಕೇ ಈ ನನ್ನ ಕಥೆ.

ಎ320ಯಿಂದ ಎ321ಕ್ಕೆ ಬಂದ ಹೊಸತು. ಅಡ್ಡಗಾಳಿ, ರಭಸ ಒಂದೇ ಸಮ ಇಲ್ಲ. ಇಲ್ಲಿ ಸ್ವಲ್ಪ ವಿಷಯಾಂತರ: 50 ಅಡಿಗೆ ಬಂದಾಗ ಕಂಪ್ಯೂಟರ್ ‘ಫ್ಲೇರ್ ಮೋಡ್’ಗೆ (ಫ್ಲೇರ್ ಅಂದ್ರೆ ನೆಲ ಮುಟ್ಟೋ ಮುಂಚೆ ಮೂಗು ಸ್ವಲ್ಪ ಎತ್ತಿ ಮೆತ್ತಗೆ ಕೂರಿಸೋದು) ಹೋಗುತ್ತೆ, ಆಗಿನ ಮೂಗಿನ ಕೋನ ನೆನಪಿಟ್ಕೊಳ್ಳುತ್ತೆ. 30 ಅಡಿಯಿಂದ, ತಾನಾಗೇ, ಮೂಗನ್ನ ನಿಧಾನಕ್ಕೆ ಕೆಳಗೆ ತರೋಕೆ ಶುರು ಮಾಡುತ್ತೆ. 8 ಸೆಕೆಂಡಲ್ಲಿ 2 ಡಿಗ್ರಿ ಕೆಳಮುಖ ಅನ್ನೋ ಲೆಕ್ಕದಲ್ಲಿ. ಯಾಕೆ ಅಂದ್ರೆ ಹಳೇ ವಿಮಾನಗಳಲ್ಲಿ ನೆಲ ಹತ್ತಿರ ಬಂದಾಗ ಮೂಗು ತಾನಾಗೇ ಬಾಗುತ್ತಿತ್ತು, ಪೈಲಟ್ ಮೆಲ್ಲಗೆ ಎಳೀತಾ ಕೂರಿಸ್ತಿದ್ದ. ಆ ಅಭ್ಯಾಸವನ್ನ ಇಲ್ಲಿ ಬೇಕಂತಲೇ ಹುಟ್ಟಿಸಿದ್ದಾರೆ. ಬಾಲಕ್ಕೂ ಇದರಿಂದ ಲಾಭ: ಸುಮ್ಮನೆ ಹಿಡ್ಕೊಂಡ್ರೆ ಮೂಗು ಏರಲ್ಲ, ಇಳಿಯುತ್ತೆ.

ಆದ್ರೆ ನಾನು ಸುಮ್ಮನೆ ಹಿಡ್ಕೊಂಡಿರ್ಲಿಲ್ಲ. ಗಾಳಿ ಒಮ್ಮೆ ಎತ್ತಿತು, ವಿಮಾನ ತೇಲಿತು. ಮೆತ್ತಗೆ ಕೂರಿಸ್ಬೇಕು ಅನ್ನೋ ಚಪಲ. ಇನ್ನೊಂಚೂರು, ಇನ್ನೊಂಚೂರು ಅಂತ ಎಳೀತಾ ಹೋದೆ. ವೇಗ ಇಳೀತಾ ಇದೆ, ಮೂಗು ಏರ್ತಾ ಇದೆ. ಎಡಗಡೆಯಿಂದ ಕ್ಯಾಪ್ಟನ್ ‘ಪಿಚ್!’ (ಮೂಗಿನ ಕೋನ ನೋಡು) ಅಂದ್ರು. ಎ321ರಲ್ಲಿ 7.5 ಡಿಗ್ರಿ ಮುಟ್ಟಿದ್ರೆ ಪಕ್ಕದಲ್ಲಿರೋರು ಹಾಗೆ ಕೂಗಬೇಕು, ಎ320ಯಲ್ಲಿ 10. ವಿಮಾನವೇ ‘ಪಿಚ್, ಪಿಚ್’ ಅಂತ ಕೂಗೋ ವ್ಯವಸ್ಥೆಯೂ ಇದೆ. ಕೈ ಸಡಿಲ ಬಿಟ್ಟೆ. ದಬ್ ಅಂತ ಕೂತಿತು. ಹಿಂದೆ ಯಾರೋ ‘ಅಮ್ಮಾ’ ಅಂದಿದ್ದು ಬಾಗಿಲು ದಾಟಿ ಕೇಳಿಸ್ತು.

ಪಾರ್ಕ್ ಮಾಡಿದ ಮೇಲೆ ಕ್ಯಾಪ್ಟನ್ ಕೆಳಗಿಳಿದು ಬಾಲದಡಿ ನಿಂತು ನೋಡಿದ್ರು. ಬಣ್ಣ ಹಾಗೇ ಇತ್ತು. ಒಂದು ಮಾತೂ ಬೈಯಲಿಲ್ಲ. ‘ದಬ್ ಅಂದ್ರೂ ಪರ್ವಾಗಿಲ್ಲ ಕಣೋ’ ಅಂದ್ರು, ಅಷ್ಟೇ.

ಕಿಟಕಿ_ಸೀಟು:
ಅಂದ್ರೆ ಮೆತ್ತಗೆ ಕೂರಿಸಿದ್ರೆ ಒಳ್ಳೇ ಪೈಲಟ್ ಅಂತ ನಾವು ಚಪ್ಪಾಳೆ ಹೊಡೆಯೋದೇ ತಪ್ಪಾ!

ಸ್ಪ್ಯಾನರ್:
ಚಪ್ಪಾಳೆ ಹೊಡೀರಿ, ಆದ್ರೆ ನಾನು ಬಾಲ ನೋಡಿ ಬಂದ ಮೇಲೆ.

ಬಲಗಡೆ_ಸೀಟು:
😂 ಕಿಟಕಿ_ಸೀಟು ಅವರೇ, ನಿಮ್ಮ ವಿಡಿಯೋ ವಿಷಯಕ್ಕೆ ಬರ್ತೀನಿ. ಪುಟಿದ ಮೇಲೆ ತಾಗಿತು ಅಂದ್ರಲ್ಲ, ಅದು ಮಾಮೂಲಿ ದಾರಿ. ಮೊದಲ ಸಲ ಚಕ್ರ ತಾಗಿದ ಕೂಡಲೇ ರೆಕ್ಕೆ ಮೇಲಿನ ಗ್ರೌಂಡ್ ಸ್ಪಾಯ್ಲರ್ (ಗಾಳಿ ತಡೆಯೋ ತಗಡು) ಎದ್ದುಕೊಳ್ಳುತ್ತೆ. ಅದರಿಂದ ಲಿಫ್ಟ್ ಸಾಯುತ್ತೆ, ಜೊತೆಗೆ ಮೂಗನ್ನ ಮೇಲಕ್ಕೆ ತಳ್ಳುವ ಗುಣವೂ ಅದಕ್ಕಿದೆ. ವಿಮಾನ ಪುಟಿದು ಗಾಳಿಯಲ್ಲಿದೆ, ಕುಸೀತಾ ಇದೆ. ಪೈಲಟ್‌ಗೆ ಸಹಜವಾಗಿ ಅನ್ಸೋದು: ಎಳಿ! ಎಳೆದ್ರೆ ಬಾಲ ಹೋಯ್ತು. ಸರಿಯಾದದ್ದು ಮೂಗನ್ನ ಇದ್ದಲ್ಲೇ ಹಿಡಿಯೋದು. ಜೋರಾಗಿ ಪುಟಿದಿದ್ರೆ ಪೂರ್ತಿ ಪವರ್ ಕೊಟ್ಟು ಮತ್ತೆ ಮೇಲೆ ಹೋಗೋದು.

ಇಲ್ಲಿ ಏರ್‌ಬಸ್‌ನ ಒಂದು ಹಳೇ ಜಗಳ ಬರುತ್ತೆ. ಎರಡು ಸೈಡ್‌ಸ್ಟಿಕ್ ಒಂದಕ್ಕೊಂದು ಕಟ್ಟಿಲ್ಲ. ನಾನು ಎಳೆದ್ರೆ ಕ್ಯಾಪ್ಟನ್ ಕೈಗೆ ಗೊತ್ತಾಗಲ್ಲ. ಇಬ್ಬರೂ ಒಟ್ಟಿಗೆ ಎಳೆದ್ರೆ ಕಂಪ್ಯೂಟರ್ ಎರಡನ್ನೂ ಕೂಡುತ್ತೆ. ಮೊತ್ತ ಒಂದು ಪೂರ್ತಿ ಸ್ಟಿಕ್ ಮೀರಲ್ಲ, ಆದ್ರೆ ಅರ್ಧ ಅರ್ಧ ಎಳೆದ್ರೆ ಪೂರ್ತಿ ಆಗುತ್ತೆ! ‘ಡ್ಯುಯಲ್ ಇನ್‌ಪುಟ್’ ಅಂತ ಕೂಗುತ್ತೆ ನಿಜ, ಬಾಲ ತಾಗೋಕೆ ಒಂದು ಸೆಕೆಂಡ್ ಇರುವಾಗ ಆ ಕೂಗು ಯಾರ ಕಿವಿಗೆ ಹೋಗುತ್ತೆ? ತೆಗೆದುಕೊಳ್ಳೋರು ಸ್ಟಿಕ್ ಮೇಲಿನ ಕೆಂಪು ಗುಂಡಿ ಒತ್ತಿ ‘ಐ ಹ್ಯಾವ್ ಕಂಟ್ರೋಲ್’ ಅನ್ನಬೇಕು. ತರಬೇತಿಯಲ್ಲಿ ನೂರು ಸಲ ಹೇಳ್ತಾರೆ.

ಹಳೇ_ಯೋಕ್:
ಯೋಕ್ ಇದ್ದಿದ್ದರೆ ಪಕ್ಕದವನ ಎಳೆತ ಮೊಣಕಾಲಿಗೇ ತಾಗುತ್ತಿತ್ತು. ಇಷ್ಟೇ ಹೇಳಿ ಸುಮ್ಮನಾಗುತ್ತೇನೆ.

ಸುಮ್ನೆ_ಓದುಗ:
ಹಾಗಾದ್ರೆ ಯೋಕ್ ವಿಮಾನಗಳಲ್ಲಿ ಟೇಲ್ ಸ್ಟ್ರೈಕ್ ಆಗ್ತಾನೇ ಇರ್ಲಿಲ್ವಾ ಸರ್?

ಹಳೇ_ಯೋಕ್:
ಆಗುತ್ತಿತ್ತು. ಧಾರಾಳವಾಗಿ. ಸ್ಪ್ಯಾನರ್ ಹೇಳಿದ ಎರಡೂ ಯೋಕ್ ವಿಮಾನಗಳೇ. ನಾನು ಸುಳ್ಳು ಹೇಳುವುದಿಲ್ಲ.

ನನ್ನನ್ನು ಕಾಡುವ ಒಂದು ಜೋಡಿ ಇದೆ. 2003ರ ಮಾರ್ಚ್ 12, ಆಕ್ಲೆಂಡ್. ಸಿಂಗಾಪುರ್ ಏರ್‌ಲೈನ್ಸ್‌ನ 747-400, ಕೇಬಲ್ಲು, ಯೋಕು. ಟೇಕಾಫ್ ತೂಕ 347 ಟನ್ ಇರಬೇಕಾದಲ್ಲಿ 247 ಎಂದು ಹಿಡಿದು ವೇಗ ಲೆಕ್ಕ ಹಾಕಿದರು. 33 ನಾಟ್ ಮೊದಲೇ ಮೂಗೆತ್ತಿದರು. ವಿಮಾನ ಏಳಲಿಲ್ಲ, ಬಾಲ ಸುಮಾರು ಅರ್ಧ ಕಿಲೋಮೀಟರ್ ಉಜ್ಜಿತು.

ಆರು ವರ್ಷದ ಬಳಿಕ, 2009ರ ಮಾರ್ಚ್ 20ರ ರಾತ್ರಿ, ಮೆಲ್ಬರ್ನ್. ಎಮಿರೇಟ್ಸ್‌ನ ಎ340-500, ಫ್ಲೈ-ಬೈ-ವೈರ್, ಸೈಡ್‌ಸ್ಟಿಕ್. ತೂಕ 362.9 ಟನ್, ಟೈಪ್ ಮಾಡಿದ್ದು 262.9. ಎಂಜಿನ್‌ಗೆ ಪವರ್ ಕಡಿಮೆ, ವೇಗಗಳು ಕಡಿಮೆ. ಕ್ಯಾಪ್ಟನ್ ‘ರೊಟೇಟ್’ (ಮೂಗೆತ್ತು) ಅಂದರು, ಏಳಲಿಲ್ಲ. ಮತ್ತೆ ಅಂದರು, ಇನ್ನೂ ಎಳೆದರು, ಬಾಲ ಬಡಿಯಿತು. ಕ್ಯಾಪ್ಟನ್ ಪೂರ್ತಿ ಪವರ್ ಕೊಟ್ಟರು. ರನ್‌ವೇ ಮುಗಿದ ಮೇಲೆ ನೆಲ ಬಿಟ್ಟಿತು, ಅಲ್ಲಿದ್ದ, ಇಳಿಯುವ ವಿಮಾನಕ್ಕೆ ರನ್‌ವೇಯ ನೇರ ತೋರಿಸುವ ಲೋಕಲೈಸರ್ ಆಂಟೆನಾಗೆ ಬಡಿದುಕೊಂಡೇ ಹೋಯಿತು. 275 ಜನರಿದ್ದರು. ಇಂಧನ ಚೆಲ್ಲಿ ವಾಪಸ್ ಬಂದು ಇಳಿದರು, ಯಾರಿಗೂ ಗಾಯವಿಲ್ಲ.

ಎರಡು ಕಾಲದ ಎರಡು ವಿಮಾನ, ತಪ್ಪಿದ್ದು ಅದೇ ಒಂದು ಅಂಕಿ. ಮೂರರ ಜಾಗದಲ್ಲಿ ಎರಡು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತಾರಲ್ಲ, ಇಲ್ಲಿ ಒಂದು ಅಂಕಿಗೆ ಆನೆಯೇ ಹೋಗುತ್ತಿತ್ತು.

ಕಂಟ್ರೋಲ್_ಲಾ:
ಮೆಲ್ಬರ್ನ್ ಘಟನೆಯನ್ನು ನಾನೂ ಕಿರಿಯರಿಗೆ ಓದಿಸುತ್ತೇನೆ. ಉದ್ದದ ಎ340ಗಳಲ್ಲಿ ಪೈಲಟ್ ಮುಂದಿನ ಪರದೆಯ ಮೇಲೆ ಬಾಲದ ಮಿತಿ ತೋರಿಸುವ ಗುರುತೂ ಇರುತ್ತದೆ: ಇದಕ್ಕಿಂತ ಮೇಲೆ ಮೂಗು ತಂದರೆ ತಾಗುತ್ತದೆ ಎಂದು. ಆದರೆ ರನ್‌ವೇಯ ಕೊನೆಯ ದೀಪಗಳು ಕಾಣುತ್ತಿರುವಾಗ ಆ ಗುರುತನ್ನು ಯಾರು ಪಾಲಿಸುತ್ತಾರೆ? ಪಾಲಿಸಿದ್ದರೆ ಏನಾಗುತ್ತಿತ್ತೋ. ನಾನು ಮೇಲೆ ಬೇಲಿಯಾಚೆಯ ಮಾತು ಹೇಳಿದ್ದು ಇಂಥ ರಾತ್ರಿಗಳನ್ನು ನೆನೆದೇ. ನೂರು ಟನ್ ಕಡಿಮೆ ಎಂದು ನಂಬಿಸಿದ ಮೇಲೆ ಕಂಪ್ಯೂಟರ್ ಆ ಸುಳ್ಳಿಗೆ ನಿಷ್ಠೆಯಿಂದ ದುಡಿಯುತ್ತದೆ.

ಈಚಿನ ಏರ್‌ಬಸ್‌ಗಳಲ್ಲಿ ಟೇಕಾಫ್ ಸೆಕ್ಯೂರಿಂಗ್ ಎಂಬ ತಪಾಸಣೆ ಸೇರಿದೆ. ತುಂಬಿದ ತೂಕಕ್ಕೂ ವೇಗಗಳಿಗೂ ತಾಳೆ ಇದೆಯೇ, ವೇಗಗಳು ಕ್ರಮದಲ್ಲಿವೆಯೇ ಎಂದು ಮೊದಲೇ ನೋಡುತ್ತದೆ. ಬಾಲ ಕಾಯುವ ಕೆಲಸ ರನ್‌ವೇಗೆ ಬರುವ ಮುಂಚೆ, ಗೇಟಿನಲ್ಲೇ ಶುರುವಾಗಬೇಕು ಎಂಬ ಬುದ್ಧಿ ಅದು.

ಬಲಗಡೆ_ಸೀಟು:
ಗೇಟಿನಲ್ಲಿ ಇನ್ನೂ ಎರಡು ಇವೆ. ಒಂದು ಫ್ಲ್ಯಾಪ್, ಅಂದ್ರೆ ಲಿಫ್ಟ್ ಹೆಚ್ಚಿಸೋಕೆ ರೆಕ್ಕೆ ಹಿಂದೆ ಚಾಚೋ ಭಾಗ. ರನ್‌ವೇ ಉದ್ದ ಇದ್ದರೂ ಎ321ರಲ್ಲಿ ನಾವು ಫ್ಲ್ಯಾಪ್ ಜಾಸ್ತಿ ಇಡೋಕೆ ನೋಡ್ತೀವಿ. ಆಗ ಕಡಿಮೆ ಕೋನದಲ್ಲೇ ಏಳುತ್ತೆ. ಇನ್ನೊಂದು ಟ್ರಿಮ್, ಅಂದ್ರೆ ಭಾರ ಎಲ್ಲಿದೆ ಅನ್ನೋದಕ್ಕೆ ತಕ್ಕಂತೆ ಬಾಲದ ಅಡ್ಡ ರೆಕ್ಕೆಯನ್ನ ಮೊದಲೇ ಹೊಂದಿಸಿಡೋದು. ಭಾರ ಹಿಂದೆ ಇದ್ದು ಟ್ರಿಮ್ ಆ ಲೆಕ್ಕಕ್ಕೆ ಸರಿಯಾಗಿಲ್ಲ ಅಂದ್ರೆ ಬೆರಳು ಮುಟ್ಟಿದ್ರೆ ಸಾಕು, ಮೂಗು ಚಿಮ್ಮುತ್ತೆ.

ಅಡ್ಡಗಾಳಿಯಲ್ಲಿ ಸ್ಟಿಕ್ಕನ್ನ ಪಕ್ಕಕ್ಕೆ ಜಾಸ್ತಿ ಹಾಕಿದ್ರೂ ತೊಂದರೆ. ಆ ಕಡೆ ರೆಕ್ಕೆ ಮೇಲೆ ಸ್ಪಾಯ್ಲರ್ ಏಳುತ್ತೆ, ಲಿಫ್ಟ್ ಕಡಿಮೆ ಆಗುತ್ತೆ, ಏಳೋದು ತಡ, ಬಾಲಕ್ಕೆ ಅಪಾಯ. ಈ ಮೂರನ್ನೂ ಯಾವ ಕಂಪ್ಯೂಟರೂ ನನ್ನ ಪರವಾಗಿ ಯೋಚಿಸಲ್ಲ.

ಕಿಟಕಿ_ಸೀಟು:
ಎಲ್ಲ ಓದಿ ಆ ವಿಡಿಯೋನ ಮತ್ತೆ, ನಿಧಾನ ವೇಗದಲ್ಲಿ, ನೋಡಿದೆ. ಬಲಗಡೆ ಅವರು ಹೇಳಿದ ಹಾಗೇ ಮೊದಲ ಸಲ ಚಕ್ರ ತಾಗಿದ ತಕ್ಷಣ ರೆಕ್ಕೆ ಮೇಲೆ ತಗಡುಗಳು ಎದ್ದವು. ಪುಟಿಯಿತು. ಆಮೇಲೆ ಬಾಲದ ಅಡ್ಡ ರೆಕ್ಕೆಯ ಹಿಂದಿನ ಅಂಚು ಪೂರ್ತಿ ಮೇಲಕ್ಕೆ ಎದ್ದಿದೆ. ಸುಮಾರು ಎರಡು ಸೆಕೆಂಡ್ ಹಾಗೇ ಇತ್ತು. ನಿನ್ನೆ ಇದು ಕಣ್ಣಿಗೇ ಬಿದ್ದಿರಲಿಲ್ಲ, ಬರೀ ಹೊಗೆ ನೋಡ್ತಿದ್ದೆ.

ಬಲಗಡೆ_ಸೀಟು:
ಅದೇ ಎಲಿವೇಟರ್. ಅಂಚು ಮೇಲೆ ಅಂದ್ರೆ ಯಾರೋ ಎಳೀತಿದ್ರು.

ಹಳೇ_ಯೋಕ್:
ಒಬ್ಬನೋ, ಇಬ್ಬರೋ?

ಬಲಗಡೆ_ಸೀಟು:
ಅದು ಹೊರಗಿಂದ ಕಾಣಲ್ಲ ಸರ್.